ದೊಡ್ಡಮ್ಮನ ಕೊನೆಯ ಪಾಠ

“ಒಪ್ಪಿಗೆಯ ಗುಂಡಿ ಒತ್ತಿದ್ದು ನಾನೇ. ಆದ್ರೆ ತೀರ್ಮಾನ ನಂದಲ್ಲ,” ಎಂದಳು ಸಮಾಲೋಚಕಿ.

“ಮತ್ತಿನ್ಯಾರದು?”

ಅವಳು ಪಕ್ಕದ ಮೇಜುಗಳ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. “ದೊಡ್ಡಮ್ಮಂದು.”

ನನಗೆ ರೇಗಿತು. ಪೊಲೀಸ್ ಇಲಾಖೆಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ತಪ್ಪನ್ನು ಹೆಂಡತಿಯ ಮೇಲೆ, ಮಾವನ ಮೇಲೆ, ಸತ್ತುಹೋದ ಅಜ್ಜಿಯ ಮೇಲೆ ಹಾಕಿದವರನ್ನೆಲ್ಲ ನೋಡಿದ್ದೇನೆ. ದೊಡ್ಡಮ್ಮನ ಮೇಲೆ ಹಾಕಿದವರಲ್ಲಿ ಇವಳೇ ಮೊದಲು.

“ಹಾಗಾದ್ರೆ ನಿಮ್ಮ ದೊಡ್ಡಮ್ಮನ್ನೇ ಕರೀರಿ. ಅವರ ಹತ್ರಾನೇ ಮಾತಾಡ್ತೀನಿ.”

“ಅಯ್ಯೋ, ಮನುಷ್ಯರಲ್ಲ ಮೇಡಂ. ಇದು.” ಅವಳು ಎದುರಿನ ಕಂಪ್ಯೂಟರಿಗೆ ಬೆರಳು ತೋರಿಸಿದಳು. “ಕೃತಕ ಬುದ್ಧಿಮತ್ತೆ. ನಾವು ಕೆಲಸದವರೆಲ್ಲ ದೊಡ್ಡಮ್ಮ ಅಂತೀವಿ. ಯಾರಿಗೆ ಏನು ಒಳ್ಳೇದು ಅಂತ ಅದಕ್ಕೇ ಗೊತ್ತಿರೋದು. ಅದು ಒಂದ್ಸಲ ಹೇಳಿದ್ರೆ ಮುಗೀತು, ಇನ್ಯಾರೂ ಬಾಯಿ ಬಿಡೋ ಹಾಗಿಲ್ಲ.”

ಹೇಳಿ ನಗಲು ಹೋದಳು, ನಗು ಅರ್ಧಕ್ಕೇ ನಿಂತಿತು. ನಾನು ನಗುತ್ತಿರಲಿಲ್ಲ.

ಕನ್ನಡಕದ ಅಂಗಡಿಯವನು ತನ್ನ ಫೋನನ್ನೂ ಕನ್ನಡಕವನ್ನೂ ಕೆಲಸದ ಮೇಜಿನ ಮೇಲೆ ಬಿಟ್ಟು ಕಾಣೆಯಾಗಿ ಮೂರು ದಿನವಾಗಿತ್ತು. ಫೋನಿನ ಗುಪ್ತಸಂಖ್ಯೆ ಯಾರಿಗೂ ಗೊತ್ತಿಲ್ಲ ಎಂದು ಮನೆಯವರು ಹೇಳಿದ್ದರು. ಅದರ ಮುಖದ ಮೇಲೆ ಆಗಾಗ ಮಿಂಚಿ ಮಾಯವಾಗುತ್ತಿದ್ದ ಒಂದು ಹೆಸರಿನ ಬಾಲ ಹಿಡಿದು ನಾನು ಈ ಕಚೇರಿಗೆ ಬಂದಿದ್ದೆ.

ಮನಸ್ಸು ಕುಗ್ಗಿದವರಿಗೆ ಫೋನಿನಲ್ಲೇ ಚಿಕಿತ್ಸೆ ಕೊಡುವ ಕಚೇರಿ ಅದು. ಉದ್ದನೆಯ ಹಾಲ್, ಸಾಲು ಮೇಜುಗಳು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೆಲ್ಲಗೆ ಮಾತಾಡುವ ಹೆಣ್ಣುಮಕ್ಕಳು. ಪ್ರತಿ ಮೇಜಿನ ಮೇಲೂ ಒಂದು ಟಿಶ್ಯೂ ಡಬ್ಬಿ. ಅಳುವವರು ಫೋನಿನ ಆ ತುದಿಯಲ್ಲಿದ್ದರೆ ಡಬ್ಬಿ ಈ ತುದಿಯಲ್ಲಿ ಯಾಕಿದೆ ಎಂದು ನನಗೆ ಆಗ ಹೊಳೆಯಲಿಲ್ಲ.

ಬೆಳಿಗ್ಗೆ ಅವನ ಅತ್ತಿಗೆಯನ್ನು ಕಂಡು ಬಂದಿದ್ದೆ. ಅವನನ್ನು ಹುಡುಕುವ ಕೆಲಸ ನನಗೆ ಒಪ್ಪಿಸಿದ್ದು ಆಕೆಯೇ. ಅಂಗಡಿಯ ಮೇಲಿನ ಮನೆಯಲ್ಲಿ ಅತ್ತಿಗೆ, ಮೈದುನ ಇಬ್ಬರೇ ಇರುವುದು. ಎರಡು ವರ್ಷದ ಹಿಂದೆ ಅವನ ಅಣ್ಣ ತೀರಿಕೊಂಡ. ಅಲ್ಲಿಂದ ತಮ್ಮ ಮಂಕಾದ, ಅಂಗಡಿಗೆ ಇಳಿಯುವುದನ್ನೇ ಬಿಟ್ಟ, ಯಾರೋ ಹೇಳಿದರೆಂದು ಈ ಚಿಕಿತ್ಸೆಗೆ ಸೇರಿದ. ಆಕೆ ಹೇಳಿದ್ದು ಇಷ್ಟೇ.

ಈ ಕಚೇರಿಯ ಹೆಸರು ಬರೆದ ಚೀಟಿ ಕೊಟ್ಟರೆ ಒಮ್ಮೆ ಹತ್ತಿರ ಹಿಡಿದಳು, ಒಮ್ಮೆ ದೂರ ಹಿಡಿದಳು. “ಕನ್ನಡಕ ಎಲ್ಲಿಟ್ಟೆನೋ ಏನೋ, ನೀವೇ ಓದಿ ಹೇಳಿ,” ಎಂದಳು. ಪೊಲೀಸರಿಗೆ ದೂರು ಕೊಡೋಣವೆಂದರೆ ಬೇಡವೇ ಬೇಡ ಎಂದಳು. ಮರ್ಯಾದೆಗೆ ಅಂಜುತ್ತಾಳೆ ಎಂದುಕೊಂಡೆ. ನಾನು ಎದ್ದಾಗಲೆಲ್ಲ, “ಇನ್ನೊಂಚೂರು ಕೂತ್ಕೊಳ್ಳಿ ಇನ್ಸ್‌ಪೆಕ್ಟರಮ್ಮ. ಈಗ ತಾನೇ ಬಂದ್ರಿ.”

ನಿವೃತ್ತಿಯಾದರೂ ಆ ಹೆಸರು ನನ್ನ ಬೆನ್ನು ಬಿಟ್ಟಿಲ್ಲ. “ನೀವು ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದ್ದೀರಾ?” ಎಂದು ಕೇಳಿದ್ದೆ.

“ನನ್ನದೇನಿದೆ ಬಿಡಿ. ಮೊದಲು ಅವನು ಸಿಗಲಿ.”

ಮನಸ್ಸು ಕೇಳದೆ ಮಾತು ಕೊಟ್ಟುಬಿಟ್ಟೆ: ಜೀವಂತವಾಗಿ ತಂದು ನಿಮ್ಮ ಮುಂದೆ ನಿಲ್ಲಿಸ್ತೀನಿ ಅಂತ. ಕೊಡಬಾರದಿತ್ತು. ಬದುಕು ಬೇಡವಾದವನೊಬ್ಬ ಫೋನು ಬಿಟ್ಟು, ಜೊತೆಗೆ ಕಣ್ಣಿಗಿಂತ ಹೆಚ್ಚಾದ ಕನ್ನಡಕವನ್ನೂ ಬಿಟ್ಟು ಹೋದನೆಂದರೆ ಅದರ ಅರ್ಥ ಬಿಡಿಸಲು ಪತ್ತೇದಾರಿಣಿಯೇ ಬರಬೇಕೆ.

“ದೊಡ್ಡಮ್ಮ ಅವನ ಬಗ್ಗೆ ಏನಂದ್ರು, ಅದನ್ನ ತೋರಿಸಿ,” ಎಂದೆ.

ಸಮಾಲೋಚಕಿ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಮೇಲೆ ಒಂದು ಹಸಿರು ಚುಕ್ಕೆ. ಕೆಳಗೆ ಚೊಕ್ಕಟವಾಗಿ ಬರೆದಿತ್ತು: ‘ರೋಗಿ ತೃಪ್ತರಾಗಿದ್ದಾರೆ. ಯಾವ ದೂರೂ ಇಲ್ಲ. ಕರೆಗಳನ್ನು ನಿಲ್ಲಿಸಬಹುದು. ಕೊನೆಯ ಪಾಠಕ್ಕೆ ಸಿದ್ಧರು.’

“ದಿನಾ ಒಂದೆರಡು ಪ್ರಶ್ನೆ ಹೋಗತ್ತೆ ಮೇಡಂ. ಅವರು ಉತ್ತರ ಬರೀತಾರೆ. ದೊಡ್ಡಮ್ಮ ಓದಿ, ಇವರಿಗೆ ನಾವು ಕರೆ ಮಾಡ್ಬೇಕಾ, ಡಾಕ್ಟ್ರ ಹತ್ರ ಕಳಿಸ್ಬೇಕಾ, ಇಲ್ಲಾ ವಾಸಿಯಾಗಿದೆಯಾ ಅಂತ ಹೇಳತ್ತೆ. ನಾವು ಒಪ್ಪಿಗೆ ಒತ್ತುತೀವಿ.”

“ಉತ್ತರ ಎಲ್ಲಿ?”

“ಇದೇ ಅಲ್ವಾ? ತೃಪ್ತರಾಗಿದ್ದಾರೆ...”

“ಇದು ದೊಡ್ಡಮ್ಮನ ಮಾತಾಯ್ತು. ಅವನ ಮಾತು ಎಲ್ಲಿ? ಅವನ ಬಾಯಿಂದ ಬಂದಿದ್ದು?”

ಅವಳಿಗೆ ಹುಡುಕಬೇಕಾಯಿತು. ಒಂದು ಕಡೆ ಒತ್ತಿದಳು, ಹಿಂದೆ ಬಂದಳು, ಇನ್ನೊಂದು ಕಡೆ ಒತ್ತಿದಳು. ದಿನಾ ಕೂರುವ ಕುರ್ಚಿಯಲ್ಲೇ ಕೂತು ದಾರಿ ತಪ್ಪಿದ್ದಳು. ಕೊನೆಗೆ ಸಿಕ್ಕಿತು.

‘ನಿದ್ದೆ ಹೇಗಿದೆ?’ — ‘ಸಾಕಾಯ್ತು.’

‘ಮನೆಯ ಕೆಲಸಗಳು ಹೇಗೆ ನಡೆಯುತ್ತಿವೆ?’ — ‘ಸಾಕಾಯ್ತು.’

‘ನಿಮ್ಮ ಬಗ್ಗೆ ಏನಾದರೂ ಹೇಳಿ.’ — ‘ನನ್ನದೇನಿದೆ ಬಿಡಿ.’

‘ನಾಳೆ ಏನು ಮಾಡಬೇಕೆಂದಿದ್ದೀರಿ?’ — ‘ಇದೇ. ಸಾಕಾಯ್ತು.’

ನಾನು ಓದಿದೆ. ಮತ್ತೆ ಓದಿದೆ. ಪಕ್ಕದಲ್ಲಿ ಸಮಾಲೋಚಕಿಯೂ ಓದುತ್ತಿದ್ದಳು, ಅವಳ ತುಟಿಗಳು ಮಾತ್ರ ಅಲುಗಾಡುತ್ತಿದ್ದವು. ಓದಿ ಮುಗಿಸಿದವಳು ನನ್ನ ಮುಖ ನೋಡಲಿಲ್ಲ.

“ಇದು ತೃಪ್ತಿನಾ?” ಎಂದು ಕೇಳಿದೆ.

“ನಾವು ಮೂಲ ಮಾತು ಓದಲ್ಲ ಮೇಡಂ.”

“ಯಾಕೆ, ಕಣ್ಣಿಲ್ವಾ?”

“ಓದ್ತಾ ಕೂತ್ರೆ ಯಾಕಿಷ್ಟು ತಡ ಅಂತಾರೆ. ದೊಡ್ಡಮ್ಮ ಹೇಳಿದ್ದು ಬೇಡ ಅಂದ್ರೆ ಯಾಕೆ ಬೇಡ ಅಂತ ಉದ್ದಕ್ಕೆ ಬರೀಬೇಕು. ಮೇಲಿಂದ ಮೇಲೆ ಬೇಡ ಅಂದೋರನ್ನ ಡಾಕ್ಟ್ರು ಒಳಗೆ ಕರೀತಾರೆ. ಒಪ್ಪಿಗೆಗೆ ಒಂದೇ ಗುಂಡಿ.”

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಜಾತಿ ಇದು. ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅವಳಾಗಲೇ ಟಿಶ್ಯೂ ಡಬ್ಬಿಗೆ ಕೈ ಹಾಕಿದ್ದಳು. ಡಬ್ಬಿ ಈ ತುದಿಯಲ್ಲಿ ಯಾಕಿದೆ ಎಂದು ನನಗೆ ತಿಳಿಯಿತು.

“ಈ ಕೊನೆಯ ಪಾಠ ಅಂದ್ರೇನು?”

ಅವಳು ಮೂಗೊರೆಸಿಕೊಂಡು ಅದನ್ನೂ ತೆರೆದಳು.

‘ಅಭಿನಂದನೆಗಳು. ನೀವೀಗ ನಿಮ್ಮ ಕಾಲ ಮೇಲೆ ನಿಲ್ಲಬಲ್ಲಿರಿ. ಫೋನನ್ನು ಬಿಟ್ಟು, ಯಾರ ಆಸರೆಯೂ ಇಲ್ಲದೆ, ಕೆಲವು ದಿನ ಒಬ್ಬರೇ ಹೊರಟುಬಿಡಿ. ಹೊರಡುವಾಗ ಕೆಳಗಿನ ಗುಂಡಿ ಒತ್ತಿ.’

ಕೆಳಗಿನ ಗುಂಡಿಯ ಮೇಲೆ ‘ಹೊರಟೆ’ ಎಂದಿತ್ತು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಬಾಕಿ’.

“ಬಾಕಿ ಅಂದ್ರೆ?”

“ಗುಂಡಿ ಒತ್ತಿಲ್ಲ ಅಂತ. ಒತ್ತೋವರೆಗೂ ದೊಡ್ಡಮ್ಮ ನೆನಪಿಸ್ತಾನೇ ಇರತ್ತೆ. ನೀವಿನ್ನೂ ಹೊರಟಿಲ್ಲ, ನೀವಿನ್ನೂ ಹೊರಟಿಲ್ಲ ಅಂತ.”

“ಅವನು ಹೋಗಿ ಮೂರು ದಿನ ಆಯ್ತಲ್ಲ.”

“ಮರೆತಿರ್ಬೇಕು ಮೇಡಂ,” ಎಂದಳು. ಅವಳಿಗೇ ಅದರಲ್ಲಿ ನಂಬಿಕೆ ಇದ್ದಂತೆ ಕಾಣಲಿಲ್ಲ.

ನಾನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೆ. “ನಿಮ್ಮ ಡಾಕ್ಟ್ರು ಯಾವ ಕಡೆ?”

*

ಡಾಕ್ಟರರ ಕೋಣೆಗೆ ಗಾಜಿನ ಗೋಡೆ. ಒಳಗಿನಿಂದ ಅವರಿಗೆ ಹಾಲ್‌ನ ಸಾಲು ಮೇಜುಗಳೆಲ್ಲ ಕಾಣುತ್ತಿದ್ದವು. ಕುಂಡದಲ್ಲಿ ಒಂದು ಗಿಡ, ಮುಟ್ಟಿ ನೋಡಿದೆ, ಪ್ಲಾಸ್ಟಿಕ್. ಮನುಷ್ಯ ಸೌಮ್ಯ. ಮಾತಿನಲ್ಲಿ ಬೆಣ್ಣೆ.

“ಕೂತ್ಕೊಳ್ಳಿ ಮೇಡಂ. ತುಂಬಾ ಬೇಜಾರಿನ ವಿಷಯ. ಮನೆಯವರ ದುಃಖ ನಮಗೂ ಅರ್ಥ ಆಗತ್ತೆ.”

“ಸಾಕಾಯ್ತು ಅಂದ್ರೆ ಏನು ಡಾಕ್ಟ್ರೇ?”

“ಏನಂದ್ರಿ?”

“ಕನ್ನಡದ ಮಾತು. ಸಾಕಾಯ್ತು. ಅರ್ಥ ಹೇಳಿ.”

ಅವರು ನಕ್ಕರು. “ಬೇಕಾದಷ್ಟು ಆಯ್ತು, ಇನ್ನು ಬೇಡ, ತೃಪ್ತಿ ಆಗಿದೆ ಅಂತ.”

“ಊಟಕ್ಕೆ ಕೂತವನು ಅಂದ್ರೆ ಹೊಟ್ಟೆ ತುಂಬಿದೆ ಅಂತ. ಬದುಕು ಹೇಗಿದೆ ಅಂತ ಕೇಳಿದಾಗ ಅಂದ್ರೆ?”

ಡಾಕ್ಟರರು ಮೇಜಿನ ಮೇಲಿದ್ದ ಪೆನ್ನನ್ನು ನೇರ ಮಾಡಿ ಇಟ್ಟರು.

“ಮನೆಯಲ್ಲಿ ಹೆಂಡತಿ ಕೆಲಸ ಮಾಡಿ ಮಾಡಿ ಸಾಕಾಯ್ತು ಅಂದ್ರೆ, ತೃಪ್ತಿಯಾಗಿದಾಳೆ ಅಂತ ನೀವು ಹಾಯಾಗಿ ಮಲಗ್ತೀರಾ?”

“ನೋಡಿ, ಅದು ಭಾಷೆಯ ತೊಡಕು. ಯಂತ್ರ ನಮ್ಮ ಮಾತನ್ನ ಮೊದಲು ಬೇರೆ ಭಾಷೆಗೆ ತಿರುಗಿಸಿಕೊಂಡು ಆಮೇಲೆ ತೂಗತ್ತೆ. ಆ ತಿರುಗಿಸೋದ್ರಲ್ಲಿ ಒಂದೊಂದ್ಸಲ ಹೆಚ್ಚು ಕಮ್ಮಿ ಆಗತ್ತೆ. ಅದಕ್ಕೇ ಅಲ್ವಾ ಮೇಲೆ ಒಬ್ಬ ಮನುಷ್ಯನ ಒಪ್ಪಿಗೆ ಇಟ್ಟಿರೋದು. ಆ ಹುಡುಗಿ ಓದಬೇಕಿತ್ತು.”

ಅಂದರೆ ತಪ್ಪು ಯಾರ ತಲೆಗೆ ಎನ್ನುವುದು ಆಗಲೇ ತೀರ್ಮಾನವಾಗಿತ್ತು. ಗಾಜಿನಾಚೆ ಸಮಾಲೋಚಕಿ ಪರದೆಯ ಮುಂದೆ ತಲೆ ತಗ್ಗಿಸಿ ಕೂತಿದ್ದಳು. ಓದಿದರೆ ತಡ, ಓದದಿದ್ದರೆ ತಪ್ಪು. ನನ್ನ ಸಿಟ್ಟು ನೆತ್ತಿಗೇರಿತು.

“ಮನಸ್ಸು ಸರಿಯಿಲ್ಲದವನನ್ನ ಒಬ್ಬನೇ ಹೊರಡು ಅಂತ ಕಳಿಸೋ ಪಾಠ ಯಾರು ಬರೆದಿದ್ದು? ಅದೂ ಆ ಹುಡುಗೀನಾ?”

“ವಾಸಿಯಾದವರಿಗೆ ಅದು ಒಳ್ಳೇ ಪಾಠ ಮೇಡಂ. ಎಷ್ಟೋ ಜನ ಹೊಸ ಮನುಷ್ಯರಾಗಿ ವಾಪಸ್ ಬಂದಿದ್ದಾರೆ. ಇನ್ನೂ ಎಷ್ಟೋ ಆಸ್ಪತ್ರೆಯವರು ನಮ್ಮ ದಾರಿಗೆ ಬರ್ತಿದ್ದಾರೆ. ಇದೂ ಹೀಗಾಗತ್ತೆ ಅಂತ ನಾನೇನು ಕನಸು ಕಂಡಿದ್ನಾ?”

ವಿಚಾರಣೆಯಲ್ಲಿ ಬೈಗುಳಕ್ಕಿಂತ ಮೌನ ಹೆಚ್ಚು ಕೆಲಸ ಮಾಡುತ್ತದೆ. ಅವರು ಪೆನ್ನನ್ನು ಮತ್ತೆ ನೇರ ಮಾಡಿದರು. ಅದು ನೇರವಾಗಿಯೇ ಇತ್ತು.

“ಏನಂದ್ರಿ ಡಾಕ್ಟ್ರೇ?”

“ಏನು?”

“ಇದೂ ಅಂದ್ರಿ. ಇದು ಅನ್ನಲಿಲ್ಲ. ಇದೂ.”

“ಮಾತಿಗೆ ಅಂದೆ.”

“ಆ ಊಕಾರ ಮಾತಿಗೆ ಬರಲ್ಲ. ಇನ್ನೊಂದು ಇದ್ರೆ ಮಾತ್ರ ಬರತ್ತೆ. ಅದು ಯಾರು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಮುಖ ನನಗೆ ಚೆನ್ನಾಗಿ ಗೊತ್ತು. ಡಾಕ್ಟರರು ಎದ್ದು ಹೋಗಿ ಗಾಜಿನ ಗೋಡೆಯ ಪರದೆ ಎಳೆದರು. ಹೊರಗಿನ ಹಾಲ್ ಮರೆಯಾಯಿತು. ಕೋಣೆ ಇದ್ದಕ್ಕಿದ್ದಂತೆ ಚಿಕ್ಕದಾಯಿತು.

“ಸಂಗೀತದ ಟೀಚರು,” ಎಂದರು. ಬೆಣ್ಣೆಯೆಲ್ಲ ಕರಗಿತ್ತು. “ಹೋದ ವರ್ಷ. ಅವರೂ ಹಾಗೇ ಬರೆದಿದ್ರು.”

“ಸಾಕಾಯ್ತು ಅಂತ.”

“ಹೌದು.”

“ಹಸಿರು ಚುಕ್ಕೆ. ಕೊನೆಯ ಪಾಠ.”

ಅವರು ತಲೆಯಾಡಿಸಿದರು.

“ವಾಪಸ್ ಬಂದ್ರಾ?”

“ಇಲ್ಲ,” ಎಂದರು.

“ಗೊತ್ತಿದ್ದೂ ಆ ಮಾತನ್ನ ಸರಿ ಮಾಡಿಸಲಿಲ್ಲ.”

“ಸರಿ ಮಾಡಿಸ್ಬೇಕು ಅಂದ್ರೆ ಯಾಕೆ ಅಂತ ಮೇಲಿನವರಿಗೆ ಹೇಳ್ಬೇಕಿತ್ತು,” ಎಂದರು. ನೆಲ ನೋಡಿಕೊಂಡು ಎಂದರು.

ಹೆಂಗಸೊಬ್ಬಳ ಜೀವಕ್ಕಿಂತ ಒಂದು ವಿವರಣೆ ಬರೆಯುವ ಮುಜುಗರ ಇವರಿಗೆ ದೊಡ್ಡದಾಗಿತ್ತು. ನನಗೆ ಅಸಹ್ಯವಾಯಿತು. ಕೈ ಎತ್ತುವ ಮಟ್ಟಿಗೆ ಅಸಹ್ಯವಾಯಿತು. ಸಮವಸ್ತ್ರ ಇಲ್ಲದ್ದು ಅವರ ಪುಣ್ಯವೋ ನನ್ನ ಪುಣ್ಯವೋ.

ಅಷ್ಟರಲ್ಲಿ ಬಾಗಿಲು ತಟ್ಟದೆಯೇ ಸಮಾಲೋಚಕಿ ಒಳಗೆ ಬಂದಳು. ಮುಖ ಬಿಳುಚಿಕೊಂಡಿತ್ತು.

“ಮೇಡಂ, ಬಾಕಿ ಹೋಯ್ತು.”

“ಏನು ಹಾಗಂದ್ರೆ?”

“ಕನ್ನಡಕದವರು. ಹೊರಟೆ ಅಂತ ಒತ್ತಿದ್ದಾರೆ. ಈಗ ತಾನೇ, ನಾನು ನೋಡ್ತಾ ಇದ್ದ ಹಾಗೇ.” ಅವಳು ಏದುಸಿರು ಬಿಡುತ್ತಿದ್ದಳು. “ಹೊರಡೋ ಮುಂಚೆ ಯಾರಿಗಾದರೂ ಏನಾದರೂ ಹೇಳಬೇಕೇ ಅಂತ ದೊಡ್ಡಮ್ಮ ಕೇಳಿದೆ. ಹೇಳೋಕೆ ಯಾರಿದ್ದಾರೆ ಅಂತ ಬರೆದಿದ್ದಾರೆ.”

ಬದುಕಿದ್ದಾನೆ. ಮೊದಲು ಹೊಳೆದದ್ದು ಅದು. ಮರುಗಳಿಗೆಯೇ ಎರಡನೆಯದು: ಗುಂಡಿ ಒತ್ತಬೇಕಾದರೆ ಆ ಫೋನು ಕೈಯಲ್ಲಿರಬೇಕು. ಫೋನು ಇರುವುದು ಅಂಗಡಿಯಲ್ಲಿ. ಇದ್ದದ್ದು ಇದ್ದಲ್ಲೇ ಇರಲಿ, ಯಾರೂ ಏನೂ ಮುಟ್ಟಬೇಡಿ ಎಂದು ನಾನೇ ಬೀಗ ಹಾಕಿಸಿದ್ದೆ. ಕೀಲಿಕೈ ಒಂದು ನನ್ನ ಚೀಲದಲ್ಲಿ, ಇನ್ನೊಂದು ಅತ್ತಿಗೆಯ ಹತ್ತಿರ.

ಅಂದರೆ ಅವನು ಮನೆಗೆ ಬಂದಿದ್ದಾನೆ. ಕೀಲಿಕೈ ತೆಗೆದುಕೊಂಡು ಅಂಗಡಿಗೆ ಇಳಿದಿದ್ದಾನೆ. ಮತ್ತೆ ಹೊರಡುತ್ತಿದ್ದಾನೆ.

“ನೀವಿಬ್ಬರೂ ಇಲ್ಲಿಂದ ಅಲುಗಬೇಡಿ,” ಎಂದು ಹೇಳಿ ಓಡಿದೆ. ಮೊಣಕಾಲು ಹಿಡಿದುಕೊಂಡಿತು, ಹಾಳಾಗಿ ಹೋಗಲಿ ಎಂದು ಬೈದುಕೊಂಡೇ ಓಡಿದೆ.

*

ದಾರಿಯಲ್ಲಿ ಸಿಗ್ನಲ್ಲಿಗೆ ನಿಂತಾಗ ಅತ್ತಿಗೆಯ ಮನೆಗೆ ಫೋನ್ ಮಾಡಿದೆ. ಹೊಡೆದುಕೊಳ್ಳುತ್ತಲೇ ಇತ್ತು, ಎತ್ತುವವರಿಲ್ಲ. ಮೈದುನನ ಹಿಂದೆ ಬೀದಿಗೆ ಓಡಿರಬೇಕು ಎಂದುಕೊಂಡೆ. ಹಿಡಿದುಕೊಳ್ಳಮ್ಮ, ಅವನ ಅಂಗಿಯ ಚುಂಗನ್ನಾದರೂ ಹಿಡಿದುಕೋ, ನಾನು ಬಂದೆ ಎಂದು ಸ್ಕೂಟರಿನ ಮೇಲೇ ಗಟ್ಟಿಯಾಗಿ ಹೇಳಿಕೊಂಡೆ. ಪಕ್ಕದ ಕಾರಿನವನು ವಿಚಿತ್ರವಾಗಿ ನೋಡಿದ.

ಅಂಗಡಿಯ ಷಟರ್ ಅರ್ಧ ಮೇಲೆತ್ತಿತ್ತು. ಬೀಗ ತೆರೆದು ಕೊಂಡಿಯಲ್ಲೇ ನೇತಾಡುತ್ತಿತ್ತು, ಕೀಲಿಕೈ ಅದರಲ್ಲೇ ಇತ್ತು. ಅದರ ದಾರಕ್ಕೆ ಒಂದು ಹಳೆಯ ನೀಲಿ ಗುಂಡಿ ಕಟ್ಟಿತ್ತು. ಅದು ಅತ್ತಿಗೆಯ ಕೀಲಿಕೈ.

ಬಗ್ಗಿ ಒಳಗೆ ಹೋದೆ. “ಯಾರಿದ್ದೀರಿ?”

ಯಾರೂ ಇರಲಿಲ್ಲ. ಗಾಜು ಉಜ್ಜುವ ಚಕ್ರದ ಮೇಲೆ ಬಿಳಿ ಪುಡಿ ಹಾಗೇ ಕೂತಿತ್ತು. ಗೋಡೆಯ ತುಂಬ ಕಣ್ಣಿಲ್ಲದ ಫ್ರೇಮುಗಳು. ಆ ತುದಿಯ ಗೋಡೆಯಲ್ಲಿ ಕಣ್ಣು ಪರೀಕ್ಷೆಯ ಪಟ್ಟಿ, ಮೇಲಿಂದ ಕೆಳಕ್ಕೆ ಸಣ್ಣದಾಗುತ್ತ ಹೋಗುವ ಅಕ್ಷರಗಳು. ಕೆಲಸದ ಮೇಜಿನ ಮೇಲೆ ಫೋನು, ಅದರ ಮೇಲೆ ಮಡಚಿಟ್ಟ ಕಪ್ಪು ಫ್ರೇಮಿನ ಕನ್ನಡಕ. ನಾನು ಮೊದಲ ದಿನ ನೋಡಿದ ಹಾಗೆಯೇ. ಅಲ್ಲ, ಹಾಗೆಯೇ ಅಲ್ಲ. ಅಂದು ಕನ್ನಡಕ ಫೋನಿನ ಪಕ್ಕದಲ್ಲಿತ್ತು.

ಫೋನಿನ ಮುಖ ಒಮ್ಮೆ ಬೆಳಗಿತು. ಏನೋ ಸಣ್ಣಕ್ಷರದ ಸಾಲು. ಹತ್ತಿರದ ಅಕ್ಷರ ನನಗೆ ಮಸುಕು. ಕನ್ನಡಕ ಮಾಡಿಸಿಕೋ ಎಂದು ಎಲ್ಲರೂ ಹೇಳಿಯಾಗಿದೆ, ನನಗೆ ಬಿಗುಮಾನ. ಕಣ್ಣು ಕಿರಿದು ಮಾಡಿದರೂ ಆಗಲಿಲ್ಲ. ಕೈಗೆ ಸಿಕ್ಕ ಆ ಕನ್ನಡಕವನ್ನೇ ಮೂಗಿಗೇರಿಸಿದೆ.

ಅಕ್ಷರಗಳು ಸ್ವಚ್ಛವಾಗಿ ಎದ್ದು ನಿಂತವು. ‘ಶುಭ ಪ್ರಯಾಣ. ನೀವು ಒಂಟಿಯಲ್ಲ.’

ದೊಡ್ಡಮ್ಮನ ಮಾತು. ಓದಿ ತಲೆ ಎತ್ತಿದೆ. ಎದುರು ಗೋಡೆಯ ಪಟ್ಟಿಯ ದೊಡ್ಡ ಅಕ್ಷರಗಳೂ ಕಲಸಿಹೋಗಿದ್ದವು. ಕನ್ನಡಕ ತೆಗೆದರೆ ಪಟ್ಟಿ ಸ್ಪಷ್ಟ, ಫೋನು ಮಸುಕು. ಹಾಕಿದರೆ ಫೋನು ಸ್ಪಷ್ಟ, ಪಟ್ಟಿ ಮಸುಕು.

ಚೀಲದಿಂದ ಕಾಣೆಯಾದವನ ಫೋಟೋ ತೆಗೆದೆ. ಅದೇ ಕಪ್ಪು ಫ್ರೇಮು. ಆದರೆ ಸೀಸೆಯ ತಳದಂಥ ದಪ್ಪ ಗಾಜು, ಅದರ ಹಿಂದೆ ಪುಟ್ಟದಾಗಿ ಕಾಣುವ ಕಣ್ಣುಗಳು. ದೂರ ಕಾಣದವನ ಕನ್ನಡಕ ಅದು. ನನ್ನ ಮೂಗಿನ ಮೇಲಿದ್ದದ್ದು ವಯಸ್ಸಾದವರು ಓದಲು ಹಾಕಿಕೊಳ್ಳುವಂಥದ್ದು.

ಮೊದಲ ದಿನ ನಾನು ಇದನ್ನು ಕೈಗೆತ್ತಿಕೊಂಡು ನೋಡಲಿಲ್ಲ. “ಅವನದೇ,” ಎಂದಳು ಅತ್ತಿಗೆ. ನಂಬಿದೆ. ಏನೂ ಮುಟ್ಟಬೇಡಿ ಎಂದು ನಾನೇ ಅಪ್ಪಣೆ ಕೊಟ್ಟೆ. ಇಂದು ಬೆಳಿಗ್ಗೆ ಆಕೆ ಚೀಟಿಯನ್ನು ಹತ್ತಿರ, ದೂರ ಹಿಡಿದು, ಕನ್ನಡಕ ಎಲ್ಲಿಟ್ಟೆನೋ ಎಂದಳು.

ಕನ್ನಡಕ ಇಲ್ಲಿತ್ತು. ಮೈದುನನ ಫೋನಿನ ಪಕ್ಕದಲ್ಲಿ. ಆ ಫೋನನ್ನು ಓದಲು, ಅದರಲ್ಲಿ ಬರೆಯಲು ಆಕೆಗೆ ಅದು ಬೇಕಿತ್ತು.

‘ನಿಮ್ಮ ಬಗ್ಗೆ ಏನಾದರೂ ಹೇಳಿ.’ ‘ನನ್ನದೇನಿದೆ ಬಿಡಿ.’ ಬೆಳಿಗ್ಗೆ ನನ್ನ ಕಿವಿಯಾರೆ ಕೇಳಿದ ಮಾತನ್ನೇ ಮಧ್ಯಾಹ್ನ ಪರದೆಯ ಮೇಲೆ ಓದಿದ್ದೆ. ಯಂತ್ರಕ್ಕೆ ತಿಳಿಯಲಿಲ್ಲ ಎಂದು ಡಾಕ್ಟರರ ಕೋಣೆಯಲ್ಲಿ ಹಾರಾಡಿದೆನಲ್ಲ, ನನಗೇನು ತಿಳಿಯಿತು?

ಅಷ್ಟರಲ್ಲಿ ಮೇಜಿನ ಮೇಲಿದ್ದ ಅವನ ಫೋನು ಹೊಡೆದುಕೊಂಡಿತು. ಗುರುತಿಲ್ಲದ ನಂಬರು. ಎತ್ತಿದೆ.

“ಅತ್ತಿಗೆ? ನಾನು.” ಗಂಡಸಿನ ದನಿ, ಲವಲವಿಕೆಯ ದನಿ. ಹಿಂದೆ ಬಸ್ಸುಗಳ ಸದ್ದು. “ಯಾರದೋ ಫೋನ್ ಇಸ್ಕೊಂಡು ಮಾಡ್ತಿದ್ದೀನಿ. ಮನೇದು ಎತ್ತಲಿಲ್ಲ, ಅದಕ್ಕೇ ನನ್ನ ಫೋನಿಗೆ ಮಾಡ್ದೆ. ಪಾಠ ಸಾಕು, ನಾಳೆ ಹೊರಟು ಬರ್ತೀನಿ. ಮನೆ ನೆನಪಾಗ್ತಿದೆ.”

“ನಾನು ನಿಮ್ಮ ಅತ್ತಿಗೆ ಅಲ್ಲ.” ಯಾರೆಂದು ಹೇಳಿದೆ. ಮೂರು ದಿನದಿಂದ ಅವನನ್ನು ಹುಡುಕುತ್ತಿದ್ದೇನೆ ಎಂದೂ ಹೇಳಿದೆ.

“ನನ್ನನ್ನಾ? ಯಾಕೆ? ಅತ್ತಿಗೆಗೆ ಹೇಳೇ ಬಂದಿದ್ದು. ಬಸ್ಸು ಹತ್ತಿಸಿದ್ದೇ ಅವರು. ಬಟ್ಟೆ ಮಡಚಿ ಚೀಲಕ್ಕೆ ತುಂಬಿಕೊಟ್ರು.”

“ಈ ಚಿಕಿತ್ಸೆಯ ಉತ್ತರ ಎಲ್ಲಾ ಬರೀತಿದ್ದಿದ್ದು ಯಾರು?”

“ಅತ್ತಿಗೇನೇ. ಮೊದಮೊದಲು ನಾನು ಹೇಳೋದು, ಅವರು ಬರೆಯೋದು. ನನಗೆ ಬೆರಳೆತ್ತೋಕೂ ಬೇಜಾರು ಆಗ. ಆಮೇಲಾಮೇಲೆ ಹೇಳೋದೂ ಬಿಟ್ಟೆ. ಅವರೇ ಕೂತು ಬರೀತಿದ್ರು. ನಾನು ಚಕ್ರದ ಮುಂದೆ ಕೂತ್ರೆ ಅವರು ಪಕ್ಕದಲ್ಲಿ. ನನಗೇನು ಈಗ, ಆರಾಮಾಗಿದ್ದೀನಿ ಮೇಡಂ. ಯಂತ್ರವೂ ವಾಸಿಯಾಗಿದೆ ಅಂತಾನೇ ಹೇಳ್ತಲ್ಲ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಗಂಡ ಸತ್ತದ್ದು ಆಕೆಗೆ, ಚಿಕಿತ್ಸೆ ಮೈದುನನಿಗೆ. ಅಣ್ಣ ಹೋದನೆಂದು ತಮ್ಮನ ಮಂಕು ಎಲ್ಲರಿಗೂ ಕಂಡಿತು. ಹೆಂಡತಿಗೆ ಏನಾಗಿದೆ ಎಂದು ಕೇಳಿದವರು ಎರಡು ವರ್ಷದಲ್ಲಿ ಯಾರೂ ಇಲ್ಲ. ಕೇಳಿದ್ದು ಒಂದು ಯಂತ್ರ, ಅದೂ ಬೇರೆಯವನ ಹೆಸರಿನಲ್ಲಿ. ಆಕೆ ನಿಜ ಹೇಳಿದಳು. ಸಾಕಾಯ್ತು ಎಂದಳು. ಅದು ಅಭಿನಂದನೆಗಳು ಎಂದಿತು, ಮನೆಯಲ್ಲಿ ಜೊತೆಗಿದ್ದ ಒಬ್ಬನನ್ನೂ ಬಸ್ಸು ಹತ್ತಿಸಿತು. ಆಮೇಲೆ ಖಾಲಿ ಮನೆಯ ಕೆಳಗೆ ನೀವಿನ್ನೂ ಹೊರಟಿಲ್ಲ, ನೀವಿನ್ನೂ ಹೊರಟಿಲ್ಲ ಎನ್ನುತ್ತಾ ಕೂತಿತು.

ಕಾಣೆಯಾಗದವನನ್ನು ಹುಡುಕಲು ಆಕೆ ನನ್ನನ್ನು ಯಾಕೆ ಕರೆದಳು? ದಿನಾ ಒಬ್ಬರು ಮೆಟ್ಟಿಲು ಹತ್ತಿ ಬರಲಿ, ಎದುರು ಕೂರಲಿ ಎಂದು. ಇನ್ನೊಂಚೂರು ಕೂತ್ಕೊಳ್ಳಿ ಎಂದಳು. ನಾನು ಎದ್ದು ಬಂದೆ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದವಳು ನಾನು.

“ಮೇಡಂ, ಅತ್ತಿಗೆಗೆ ಫೋನ್ ಕೊಡಿ ಸ್ವಲ್ಪ.”

ಇನ್ನೊಂದು ಕೈಯಲ್ಲಿ ನನ್ನ ಫೋನಿನಿಂದ ಮೇಲಿನ ಮನೆಗೆ ಕರೆ ಮಾಡಿದೆ. ತಲೆಯ ಮೇಲೆ, ಛಾವಣಿಯ ಆಚೆ, ಫೋನು ಹೊಡೆದುಕೊಳ್ಳುವುದು ಕೇಳಿಸಿತು. ಹೆಜ್ಜೆಯ ಸದ್ದು ಇಲ್ಲ. ಷಟರಿನಡಿಯಿಂದ ಬಗ್ಗಿ ಹೊರಗೆ ಬಂದು ಮೆಟ್ಟಿಲಿನ ಮೇಲ್ಗಡೆ ನೋಡಿದೆ. ಬಾಗಿಲಿಗೆ ಹೊರಗಿನಿಂದ ಬೀಗ. ಬೀದಿಯ ಎರಡೂ ತುದಿಯಲ್ಲಿ ಜನ ತಮ್ಮ ಪಾಡಿಗೆ ತಾವು ಹೋಗುತ್ತಿದ್ದರು.

“ಅವರು ಎಲ್ಲಿಗೆ ಹೋಗಬಹುದು?” ಎಂದು ಕೇಳಿದೆ. “ಯೋಚನೆ ಮಾಡಿ ಹೇಳಿ. ಬೇಗ.”

“ಅತ್ತಿಗೆನಾ? ಎಲ್ಲೂ ಹೋಗಲ್ವಲ್ಲ ಮೇಡಂ. ಆಗಾಗ ಒಂದು ಮಾತು ಹೇಳೋರು ಅಷ್ಟೇ. ನಿಮ್ಮಣ್ಣನ ಹತ್ರ ಒಂದ್ಸಲ ಹೋಗಿ ಬರ್ತೀನಿ ಅಂತ. ಅಣ್ಣನ್ನ ಮಣ್ಣು ಮಾಡಿದ ಜಾಗಕ್ಕೆ. ನನ್ನ ಬಸ್ಸು ಹೊರಟಾಗಲೂ ಕಿಟಕಿ ಹತ್ರ ನಿಂತು ಅದನ್ನೇ ಅಂದ್ರು.”

ತಟ್ಟನೆ ನಿಲ್ಲಿಸಿದ. ಆ ಕಡೆ ಬಸ್ಸೊಂದು ಹಾರ್ನ್ ಹೊಡೆಯುತ್ತಲೇ ಇತ್ತು.

“ಏನಂದ್ರು? ಸರಿಯಾಗಿ ನೆನಪು ಮಾಡ್ಕೊಳ್ಳಿ.”

ಅವನ ದನಿಯಲ್ಲಿದ್ದ ಲವಲವಿಕೆಯೆಲ್ಲ ಇಂಗಿಹೋಗಿತ್ತು.

“ನಿಮ್ಮಣ್ಣನ ಹತ್ರ ಹೋಗ್ತೀನಿ ಅಂದ್ರು ಮೇಡಂ. ಬರ್ತೀನಿ ಅನ್ನಲಿಲ್ಲ.”